ಠಾಣೆಯಲ್ಲಿ ಇಳಿಯುವ ಮಾವ

ವಿಠ್ಠಲವಾಡಿಯಲ್ಲಿ ಮುಂಬಯಿ ಲೋಕಲ್ ರೈಲು ಹಿಡಿಯುವವರು ಮನೆಯಿಂದ ಹೊರಡುವಾಗ ನೀರು ಕುಡಿಯುವುದಿಲ್ಲ. ಡಬ್ಬಿಯಲ್ಲಿ ಶೌಚಾಲಯವಿಲ್ಲವಾದ್ದರಿಂದ ತಡೆದುಕೊಳ್ಳುವುದೇ ನಮ್ಮಲ್ಲಿ ಸದ್ಗುಣ. ಇಂದ್ರಿಯನಿಗ್ರಹದ ಈ ಒಂದು ವಿಭಾಗದಲ್ಲಿ ಮಾತ್ರ ನಾನೂ ಋಷಿಯೇ.

ಹೀಗಾಗಿ ನನ್ನೊಡನೆ ಮುಂಬಯಿಗೆ ಹೊರಟ ವಾಸುಮಾವ ಪ್ರತಿಸಲ ನಡುದಾರಿಯ ಠಾಣೆ ಸ್ಟೇಷನ್ನಿನಲ್ಲೇ ಇಳಿದುಬಿಡುವುದು ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ಅವರು ಅಮ್ಮನ ತಮ್ಮ, ಉಲ್ಹಾಸನಗರದಲ್ಲಿ ಸಸ್ಯಾಹಾರಿ ಹೋಟೆಲಿನ ಯಜಮಾನರು. "ಇಲ್ಲಿ ಒಬ್ಬರನ್ನು ಕಾಣ್ಲಿಕ್ಕುಂಟು, ನೀ ಹೋಗು" ಎನ್ನುತ್ತಿದ್ದರು. ಒಮ್ಮೆ ನಾನೂ ಹಿಂದೆಯೇ ಇಳಿದೆ. ಅವರು ಓಡಿದ್ದು ಪ್ಲಾಟ್‌ಫಾರ್ಮಿನ ಮೂತ್ರಾಲಯಕ್ಕೆ. ಅದು ಮಳೆಗಾಲವೆಂದು ನನ್ನ ನೆನಪು. ಆದರೆ ನೆನಪು ಎಲ್ಲಕ್ಕೂ ಆಮೇಲೆ ಇಸ್ತ್ರಿ ಹಾಕುವ ಪ್ರಾಣಿ, ಪೂರ್ತಿ ನಂಬಬೇಡಿ.

ಅದೇ ಹೊತ್ತಿಗೆ ಅವರು ಮಗಳು ಪ್ರಿಯಾಳ ಮದುವೆಯನ್ನು ಮುಂದೂಡುತ್ತಲೇ ಇದ್ದರು. ಸೀವುಡ್ಸಿನ ಹುಡುಗ, ನಮ್ಮವರೇ. ಮಾವ ಒಮ್ಮೆ ಗುರುಬಲವಿಲ್ಲವೆಂದರು, ಇನ್ನೊಮ್ಮೆ ಹೋಟೆಲಿನ ರಿಪೇರಿ ಎಂದರು. ಹುಡುಗನ ಕಡೆಯವರು ಬೇರೆ ಸಂಬಂಧ ನೋಡುವ ಮಾತೆತ್ತಿದ್ದರು. "ಪಪ್ಪಾ ಕೋ ಲಡಕಾ ಪಸಂದ್ ಹೀ ನಹೀಂ" ಎಂದು, ಹುಡುಗ ಅಪ್ಪನಿಗೆ ಹಿಡಿಸಿಯೇ ಇಲ್ಲವೆಂದು, ಪ್ರಿಯಾ ನನ್ನೆದುರು ಅತ್ತಳು.

ಠಾಣೆಯ ಆ ಓಟ ಕಂಡಿದ್ದ ನಾನು ಮಾವನನ್ನು ಕಲ್ಯಾಣದ ಮೂತ್ರರೋಗ ತಜ್ಞರೊಬ್ಬರ ಬಳಿಗೆ ಹೆಚ್ಚುಕಡಿಮೆ ಎಳೆದೊಯ್ದೆ. ಸೋನೋಗ್ರಫಿಗೆ ನೀರು ಕುಡಿದು ಮೂತ್ರಕೋಶ ತುಂಬುವವರೆಗೆ ಕಾಯಬೇಕು. ಕೌಂಟರಿನ ಹುಡುಗಿ ಇಡೀ ಕೋಣೆಗೆ ಕೇಳುವಂತೆ, "ಅಂಕಲ್, ಪ್ರೆಶರ್ ಆಯಾ ಕ್ಯಾ?" ಎಂದು ವಿಚಾರಿಸುತ್ತಿದ್ದಳು. ದಿನವಿಡೀ ಮೂತ್ರಕ್ಕೆಂದು ಓಡಾಡುವ ಮಾವನಿಗೆ ಅಂದು ನಾಚಿಕೆಗೋ ಭಯಕ್ಕೋ ಒಂದಿಷ್ಟೂ ಪ್ರೆಶರ್ ಬರಲಿಲ್ಲ. ಪಕ್ಕದ ಮರಾಠಿ ಅಜ್ಜ ತಮ್ಮ ಬಾಟಲಿಯನ್ನೇ ಚಾಚಿ, "ಪ್ಯಾ ಹೋ, ಲಾಜೂ ನಕಾ" ಎಂದು, ಕುಡಿಯಿರಿ, ನಾಚಬೇಡಿ ಎಂದು ಧೈರ್ಯ ತುಂಬಿದರು.

ಆ ನೀರು ಕುಡಿದ ಮೇಲೆಯೇ ಮಾವ ನನ್ನೊಡನೆ ಬಾಯಿಬಿಟ್ಟದ್ದು: "ಧಾರೆ ಎರೆಯುವಾಗ ನಡುವಲ್ಲಿ ಏಳ್ಲಿಕ್ಕುಂಟಾ ಮಾರಾಯ? ಅಷ್ಟು ಜನರ ಎದುರು ಪಂಚೆ ಒದ್ದೆ ಆದ್ರೆ ಅವಳ ಮರ್ಯಾದೆ ಎಂತಾಗುದು? ಮತ್ತೆ, ಇದು ಆ ರೋಗವೇ ಆದ್ರೆ?"

ಮಾವ ಹೆಸರೆತ್ತಲೂ ಅಂಜಿದ ಆ ಕ್ಯಾನ್ಸರ್ ಆಗಿರಲಿಲ್ಲ. ಸ್ಕ್ಯಾನು, ರಕ್ತಪರೀಕ್ಷೆ, ಮೂತ್ರದ ವೇಗ ಅಳೆಯುವ ಯಂತ್ರ ಎಲ್ಲ ಮುಗಿದ ಮೇಲೆ ಡಾಕ್ಟರು ವಿವರಿಸಿದರು: ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ಮೂತ್ರದ ದಾರಿಯನ್ನು ಒತ್ತುತ್ತಿದೆ, ವಯಸ್ಸಾದ ಗಂಡಸರಿಗೆ ಇದು ಕೂದಲು ನರೆತಷ್ಟೇ ಸಾಮಾನ್ಯ, ಸದ್ಯಕ್ಕೆ ಮಾತ್ರೆ ಸಾಕು, ಸಂಜೆಯ ಚಹಾ ಬೇಡ.

"ಅಷ್ಟು ಸಾಮಾನ್ಯವಾ? ಮತ್ತೆ ಯಾರೂ ಯಾಕೆ ಹೇಳುದಿಲ್ಲ?" ಎಂದರು ಮಾವ, ತುಸು ಸಿಟ್ಟಿನಿಂದಲೇ. ಮೆಟ್ಟಿಲ ಮೇಲೆ ನಿಂತೇ ಮಗಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದರು. ಆಮೇಲೆ ಪುರೋಹಿತರಿಗೆ ಮಾಡಿ ಹತ್ತಿರದ ಮುಹೂರ್ತ ಕೇಳಿದರು.

ಮದುವೆ ಡೊಂಬಿವಲಿಯ ಸಭಾಗೃಹವೊಂದರಲ್ಲಿ. ಮಾತ್ರೆ ಚೆನ್ನಾಗಿಯೇ ಕೆಲಸ ಮಾಡಿತ್ತು, ಆದರೆ ಭಟ್ಟರ ಸಂಕಲ್ಪ ಅದಕ್ಕಿಂತ ದೀರ್ಘವಾಗಿತ್ತು. ಧಾರೆಗೆ ಇನ್ನೇನು ಅಣಿಯಾಗಬೇಕು, ಮಾವ ಎದ್ದರು. "ಭಟ್ರೇ, ಎರಡು ನಿಮಿಷ."

ನನ್ನ ನೆನಪಿನಲ್ಲಿ ಇಡೀ ಸಭಾಗೃಹ ಸ್ತಬ್ಧವಾಯಿತು. ವಾದ್ಯ ನಿಲ್ಲಲೇ ಇಲ್ಲವೆಂದು ನನ್ನ ಹೆಂಡತಿ ವಾದಿಸುತ್ತಾಳೆ. ನಮ್ಮೊಡನೆ ಯಾವಾಗಲೂ ಹಿಂದಿಯಲ್ಲೇ ಉತ್ತರಿಸುವ ಪ್ರಿಯಾ ಅಂದು ನಗುತ್ತ ಕನ್ನಡದಲ್ಲೇ, "ಹೋಗಿ ಬನ್ನಿ ಪಪ್ಪಾ, ನಾನು ಇಲ್ಲೇ ಇರ್ತೇನೆ" ಎಂದದ್ದರಲ್ಲಿ ಮಾತ್ರ ನಮ್ಮಿಬ್ಬರಿಗೂ ಒಮ್ಮತವಿದೆ.

ಮಾವ ನಾಲ್ಕು ಹೆಜ್ಜೆ ಹಾಕಿರಬೇಕು, ವರನ ತಂದೆ ಗಡಬಡಿಸಿ ಎದ್ದರು. "ಬೀಗರೇ, ನಿಲ್ಲಿ, ನಾನೂ ಬಂದೆ!"

ಇಬ್ಬರೂ ಶಲ್ಯ ಸರಿಪಡಿಸಿಕೊಳ್ಳುತ್ತ ಜೊತೆಯಾಗಿ ನಡೆದರು. ಭಟ್ಟರು ಕಲಶವನ್ನು ಕೆಳಗಿಟ್ಟು ಆಸೆಗಣ್ಣಿನಿಂದ ಅತ್ತಲೇ ನೋಡುತ್ತಿದ್ದರು.