ಒಂದೇ ಕೋಣೆಯ ಎದುರಾಳಿ

ರಾಷ್ಟ್ರೀಯ ಚೆಸ್ ಪಂದ್ಯಗಳಿಗೆ ಹೋದಾಗಲೆಲ್ಲ ನಾನೂ ನನ್ನ ಗೆಳತಿಯೂ ಒಂದೇ ಕೋಣೆ ಹಿಡಿಯುತ್ತಿದ್ದೆವು. ನಮ್ಮ ಮನೆ ಸನತ್‌ನಗರದಲ್ಲಿ, ಅವಳದು ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ. ಇಬ್ಬರ ಮನೆಯಲ್ಲೂ ಕಲಬುರಗಿ ಕಡೆಯ ಕನ್ನಡ. ಹೊರಗೆ ತೆಲುಗು, ಹಿಂದಿ. ಅವಳು ತಿಂಡಿಪೋತಿ, ಮಾತಿನಮಲ್ಲಿ, ಬೋರ್ಡಿನ ಮುಂದೆ ಕೂತರೆ ಮಾತ್ರ ಪಕ್ಕಾ ರಾಕ್ಷಸಿ. ನನಗಿಂತ ಚೆನ್ನಾಗಿ ಆಡುತ್ತಿದ್ದಳು. ಇದನ್ನು ವಿನಯಕ್ಕೆ ಹೇಳುತ್ತಿಲ್ಲ. ನನ್ನಲ್ಲಿ ವಿನಯ ಅಷ್ಟಕ್ಕಷ್ಟೇ.

ಒಂದೇ ಕೋಣೆಯಲ್ಲಿರುವವರು ಎದುರಾಳಿಗಳಾದರೆ ಪೇಚಾಟ. ಅವಳ ಕಣ್ಣೆದುರೇ ಲ್ಯಾಪ್‌ಟಾಪ್ ತೆರೆದು ಅವಳನ್ನು ಸೋಲಿಸುವ ದಾರಿ ಹುಡುಕಲಾದೀತೇ? ಅದಕ್ಕೇ ಸರದಿ ಮಾಡಿಕೊಂಡಿದ್ದೆವು. ಒಬ್ಬಳು ಕೋಣೆಯಲ್ಲಿ ತಯಾರಿ ನಡೆಸುವಾಗ ಇನ್ನೊಬ್ಬಳು ಹೋಟೆಲಿನ ಮೆಟ್ಟಿಲ ಮೇಲೆ ಕೂರಬೇಕು.

ಆ ವರ್ಷ ಕೊನೆಯ ಸುತ್ತಿನಲ್ಲಿ ನಾವೇ ಎದುರುಬದುರಾದೆವು. ಡ್ರಾ ಆದರೂ ನಾನು ಚಾಂಪಿಯನ್. ಅವಳಿಗೆ ಗೆಲುವೇ ಬೇಕು. "ಈ ಸಲ ಗೆಲ್ಲಲಿಲ್ಲಂದ್ರ ಚೆಸ್ ಬಂದ್" ಎಂದು ಅವಳ ಅಪ್ಪ ಹೇಳಿ ಕಳಿಸಿದ್ದರು. ಊರೂರು ತಿರುಗುವ ಹುಡುಗಿಗೆ ಗಂಡು ಸಿಗುವುದಿಲ್ಲವೆಂಬ ಚಿಂತೆ ಅವರದು.

ಬೆಳಿಗ್ಗೆ ಮೊದಲು ಅವಳೇ ಮೆಟ್ಟಿಲಿಗೆ ಹೋಗಿ ಕೂತಳು. ಅವಳ ಸರದಿ ಬಂತೆಂದು ಕರೆದರೆ ಏಳಲಿಲ್ಲ.

"ನೀನ ನೋಡ್ಕೋ. ನಾ ಏನ್ ಆಡ್ತೀನಿ ನಿನಗ ಗೊತ್ತೈತಿ, ನೀ ಏನ್ ಆಡ್ತಿ ನನಗ ಗೊತ್ತೈತಿ" ಎಂದಳು. "ಬೇಕಂತ್ಲೇ ಮಾತ್ರ ಸೋಲಬ್ಯಾಡ. ಸೋತ್ರ ನಿನ್ನ ಜೋಡಿ ಮಾತಾಡಂಗಿಲ್ಲ."

ಆಟ ಸಮವಾಗಿದ್ದಾಗ ಡ್ರಾ ಕೇಳಿದೆ. ಎದುರಿಗೆ ಯಾರಿದ್ದರೂ ಕೇಳುತ್ತಿದ್ದೆ. ಅವಳು ಬೇಡವೆಂದು ತಲೆಯಾಡಿಸಿದಳು. ಗೆಲ್ಲಲೇಬೇಕೆಂದು ತನ್ನ ರಾಜನಿಗೆ ಕಾವಲಿದ್ದ ಪ್ಯಾದೆಗಳನ್ನೇ ಮುಂದೆ ನೂಕಿದಳು. ಹಾಗೆ ಯಾವತ್ತೂ ಆಡಿದವಳಲ್ಲ. ರಾಜ ಬಯಲಿಗೆ ಬಿದ್ದ, ನಾನು ಗೆದ್ದೆ. ಕೈ ಕುಲುಕಿ ಎದ್ದು ಹೋದಳು. ಕಪ್ ಹಿಡಿದು ಕೋಣೆಗೆ ಬಂದರೆ ಅವಳ ಚೀಲ ಇರಲಿಲ್ಲ. ಮಂಚದ ಮೇಲೆ ಕೂತು ಅತ್ತುಬಿಟ್ಟೆ.

ಆಮೇಲೆ ಆ ಪಟ್ಟ ಮತ್ತೊಮ್ಮೆ ಬಂತು, ಕೆಲಸ ಸಿಕ್ಕಿತು, ಕೊಂಡಾಪುರದಲ್ಲಿ ಮನೆಯಾಯಿತು. ಎದುರಿಗೆ ಕೂತವರಲ್ಲಿ ಅವಳಷ್ಟು ಹೆದರಿಸಿದವರು ಯಾರೂ ಇಲ್ಲ. ಅವಳ ನಂಬರ್ ಬದಲಾಗಿತ್ತು. ಮದುವೆಯಾಯಿತೆಂದು ಯಾರೋ ಹೇಳಿದರು. ನನ್ನನ್ನು ಕರೆದಿರಲಿಲ್ಲ.

ಹೋದ ವರ್ಷ ಸುಲ್ತಾನ್ ಬಜಾರಿನ ಸೀರೆ ಅಂಗಡಿಯಲ್ಲಿ ಅವಳು ತನ್ನ ಅತ್ತೆಯ ಜೊತೆ ಸಿಕ್ಕಳು. ನಾನು ನಕ್ಕೆ. ಅವಳು ನಗಲಿಲ್ಲ.

"ಯಾರವ್ವಾ ಇವರು?" ಎಂದು ಅತ್ತೆ ಕೇಳಿದರು.

"ಚೆಸ್ ಚಾಂಪಿಯನ್ ಅದಾರ್ರಿ. ಪೇಪರಿನ್ಯಾಗ ಫೋಟೋ ನೋಡಿದ್ದೆ."

ಚೆಸ್ಸಿನ ಸುದ್ದಿಯನ್ನೇ ಮುಚ್ಚಿಟ್ಟು ಅವಳ ಮದುವೆ ಮಾಡಿದ್ದಾರೆಂದು ಆಗ ಹೊಳೆಯಿತು. ಆ ಅತ್ತೆ ಪಾಪ ಒಳ್ಳೆಯವರು.

"ನಮ್ಮ ಸೊಸಿಗೂ ಒಂದೀಟು ಕಲಿಸ್ರಿ" ಎಂದರು. "ಮಧ್ಯಾಹ್ನ ಸುಮ್ಮನ ಕುಂತಿರ್ತಾಳ."

"ಅದೆಲ್ಲಾ ನನ್ನ ತಲಿಗೆ ಹತ್ತಂಗಿಲ್ರಿ ಅತ್ತಿ" ಎಂದಳು ಅವಳು, ನನ್ನ ಮುಖ ನೋಡುತ್ತ.

"ಹೌದ್ರಿ, ಭಾಳ ತ್ರಾಸಿನ ಆಟ" ಎಂದೆ.