ಪಟಕ್ಕೆ ಅಡ್ಡ ನಿಂತವರು

ಕುಂದಾಪುರದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಆಧಾರ್ ಕಾರ್ಡಿನ ಮುಖವನ್ನು ದೊಡ್ಡದು ಮಾಡಿ, ಚೌಕಟ್ಟು ಹಾಕಿ, ಉತ್ತರಕ್ರಿಯೆಯ ಹೊತ್ತಿಗೆ ಒದಗಿಸುವುದೇ ನನ್ನ ಮುಖ್ಯ ಕಲೆ. ಅಂಥವನನ್ನು ಪ್ರದರ್ಶನಕ್ಕೆ ಗ್ರಾಮೀಣ ದುಡಿಮೆಯ ಬಣ್ಣದ ಚಿತ್ರ ತೆಗೆದುಕೊಡಿ ಎಂದು ಸರ್ಕಾರಿ ಕಚೇರಿಯೊಂದು ಕರೆದದ್ದೇ ತಡ, ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಎಲ್ಲವೂ ಸಹಜವಾಗಿರಲಿ" ಎಂದರು ಸಾಹೇಬರು. ನನಗದು ವೇದವಾಕ್ಯವಾಯಿತು.

ಬೈಂದೂರು ಕಡೆಯ ಕಡಲತೀರದಲ್ಲಿ ಮೀನು ಒಣಗಿಸುವ ಹೆಂಗಸೊಬ್ಬರನ್ನು ಹಿಂದಿನ ದಿನವೇ ಒಪ್ಪಿಸಿ ಬಂದಿದ್ದೆ. ಬೆಳಿಗ್ಗೆ ಹೋದರೆ ಅವರು ನೇರಳೆ ಬಣ್ಣದ ರೇಷ್ಮೆ ಸೀರೆ ಉಟ್ಟು, ಅಬ್ಬಲಿಗೆ ಮುಡಿದು ನಿಂತಿದ್ದಾರೆ. ನಾನು ತಲೆ ಚಚ್ಚಿಕೊಂಡೆ.

"ಗ್ವಾಡಿಗ್ ಹಾಕುಕೆ ನಂದ್ ಒಂದ್ ಒಳ್ಳೆ ಪಟ ಇಲ್ಲೆ ಮಗ. ಹೀಂಗೇ ತೆಗಿ" ಎಂದು ಮನೆಯ ಬೋಳು ಗೋಡೆ ತೋರಿಸಿದರು.

ಒಳ್ಳೆಯ ಪಟವೊಂದನ್ನು ಬಿಟ್ಟುಹೋಗದವರ ಮನೆಯ ಪರದಾಟವನ್ನು ನನಗಿಂತ ಬಲ್ಲವರು ಯಾರು? ಆದರೆ ಅಷ್ಟರಲ್ಲಿ ನಾನು ಕಲಾವಿದನಾಗಿಬಿಟ್ಟಿದ್ದೆನಲ್ಲ. ಸಹಜತೆಯ ಬಗ್ಗೆ ಕಾಲು ಗಂಟೆ ಕೊರೆದೆ. ಅವರು ಒಳಗೆ ಹೋಗಿ ಸೀರೆ ಬದಲಿಸಿ, ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ತಲೆಗೆ ಬೈರಾಸು ಸುತ್ತಿಕೊಂಡು ಬಂದರು. ಬುಟ್ಟಿ ಎತ್ತಿ, ಇಳಿಸಿ, ಮತ್ತೆ ಎತ್ತಿ ಎಂದು ಹನ್ನೊಂದು ಸಲ ಸಹಜವಾಗಿ ಎತ್ತಿಸಿದೆ. ಸೀರೆಯಲ್ಲಿ ಆಮೇಲೊಂದು ತೆಗೆಯುತ್ತೇನೆ ಎಂದವನು ಬಸ್ಸು ಬಂತೆಂದು ಓಡಿದೆ.

ಕುಂದಾಪುರದಲ್ಲಿ ಪ್ರದರ್ಶನ ನಡೆಯಿತು. ಬುಟ್ಟಿ ಎತ್ತಿದ ಆ ಪಟ ಬಾಗಿಲಷ್ಟು ದೊಡ್ಡದಾಗಿ ಗೋಡೆ ಏರಿತ್ತು. ಆ ಹೆಂಗಸಿಗೂ ಬನ್ನಿ ಎಂದು ಹೇಳಿಕಳಿಸಿ, ಆಮೇಲೆ ಮರೆತೂಬಿಟ್ಟಿದ್ದೆ. ಸಾಹೇಬರು ಬೆನ್ನು ತಟ್ಟಿದರು. ಸಾಹೇಬರನ್ನು ಪಟದ ಪಕ್ಕ ನಿಲ್ಲಿಸಿ ಮೊಬೈಲಿನಲ್ಲಿ ತೆಗೆಯಹೊರಟರೆ, ರೇಷ್ಮೆ ಸೀರೆಯ ಹೆಂಗಸೊಬ್ಬರು ಎದುರಿಗೇ ನಿಂತುಬಿಟ್ಟಿದ್ದರು.

"ಅಮ್ಮ, ಒಂಚೂರ್ ಬದಿಗ್ ನಿಲ್ಲಿ. ಪಟಕ್ಕೆ ಅಡ್ಡ ಆತ್ತ್" ಎಂದೆ.

ಅವರು ತಿರುಗಿದರು. ಹನ್ನೊಂದು ಸಲ ನೋಡಿದ ಮುಖ. ಮುಡಿಯಲ್ಲಿ ಅಬ್ಬಲಿಗೆ.

"ಅಡ್ಡ ನಿಂತದ್ ಅದ್ ಮಗ, ನಾನಲ್ಲ" ಎಂದು ಗೋಡೆಯತ್ತ ಕೈ ತೋರಿಸಿದರು.

ನಾಚಿಕೆಯಿಂದ ಕುಗ್ಗಿಹೋದೆ. ಈಗಲೇ, ಈ ಸೀರೆಯಲ್ಲೇ ಒಂದು ತೆಗೆಯುತ್ತೇನೆ ಎಂದು ಗೋಗರೆದೆ.

"ಇಲ್ಲಿ ಬ್ಯಾಡ. ನಿನ್ನಂಗ್ಡಿಗೇ ಬತ್ತೆ. ದುಡ್ಡ್ ಕೊಟ್ಟೇ ತೆಗೆಸ್ತೆ. ಆಗ ನಾ ಹೇಳ್ದಾಂಗ್ ತೆಗಿಕ್."

ಮರುವಾರ ಹೇಳಿದಂತೆ ಬಂದರು. ಅದೇ ಸೀರೆ. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿಪಡಿಸಿಕೊಂಡು, ಬಿಗಿಯಾಗಿ ಕೂತರು. ಅಭ್ಯಾಸಬಲ, "ಸ್ವಲ್ಪ ಸಹಜವಾಗಿ..." ಎಂದು ಬಾಯಿ ತೆರೆದೆ. ಅವರು ನನ್ನನ್ನೇ ನೋಡಿದರು. ಬಾಯಿ ಮುಚ್ಚಿಕೊಂಡು ಬಟನ್ ಒತ್ತಿದೆ.