ಚೌಡಿಗೆ ಕೇಳಿದ ಪ್ರಶ್ನೆಗಳು

ಶೃಂಗೇರಿಯಿಂದ ವಾರಕ್ಕೆರಡು ದಿನ ಕೊಪ್ಪಕ್ಕೆ ಬರುವ ಡಾಕ್ಟರಮ್ಮ ನನ್ನನ್ನು ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಕೊಟ್ಟವರು ನಮ್ಮನೆಯವರು. ಎರಡನೆಯದಕ್ಕೂ ಅವರೇ.

‘ಬಿಪಿ ಇರ್ಬೇಕು ಮೇಡಂ. ಕೂತಲ್ಲೇ ಬೆವರ್ತಾಳೆ, ಮಾತಾಡ್ಸಿದ್ರೆ ಹಾರಿ ಬೀಳ್ತಾಳೆ.’

‘ಬೆವರೋದು ನೀವಾ, ಅವರಾ? ಸ್ವಲ್ಪ ಹೊರಗೆ ಕೂತಿರಿ’ ಎಂದರು ಡಾಕ್ಟರು. ನಮ್ಮನೆಯವರು ಮುಖ ಸಣ್ಣಗೆ ಮಾಡಿಕೊಂಡು ಎದ್ದು ಹೋದರು. ನನಗಂತೂ ಒಳಗೊಳಗೇ ಖುಷಿಯಾಯಿತು.

ಆಮೇಲೆ ಡಾಕ್ಟರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಒಂದೊಂದಾಗಿ ಕೇಳಿದರು. ಮುಟ್ಟು ಕಡೆಯ ಸಲ ಆಗಿದ್ದು ಯಾವಾಗ? ಬಿಸಿ ಎದೆಯಿಂದ ಮುಖಕ್ಕೆ ಏರುತ್ತದಾ? ಬಂದರೆ ಎಷ್ಟು ಹೊತ್ತು ಇರುತ್ತದೆ? ನಿದ್ದೆಯಲ್ಲಿ ಬಟ್ಟೆ ಒದ್ದೆಯಾಗಿ ಎಚ್ಚರವಾಗುತ್ತದಾ? ಎದೆ ಹೊಡೆದುಕೊಳ್ಳುತ್ತದಾ? ಇಟ್ಟಿದ್ದು ಮರೆಯುತ್ತದಾ? ಸುಮ್ಮಸುಮ್ಮನೆ ಅಳು ಬರುತ್ತದಾ? ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು ನಾನು, ಊರ ಹೆಂಗಸರ ಮೈಯಳತೆಯೆಲ್ಲ ನನಗೆ ಬಾಯಿಪಾಠ. ಆದರೆ ನನ್ನ ಮೈಯ ಬಗ್ಗೆ ಇಷ್ಟು ತಾಳ್ಮೆಯಿಂದ ಯಾರೂ ಕೇಳಿರಲಿಲ್ಲ. ಎಲ್ಲದಕ್ಕೂ ಹೌದು, ಹೌದು ಎನ್ನುತ್ತ ಹೋದೆ.

‘ನಿಮ್ಮ ತಾಯಿಗೆ ಯಾವ ವಯಸ್ಸಲ್ಲಿ ನಿಂತಿತ್ತು? ಅವರಿಗೂ ಹೀಗೇ ಆಗಿತ್ತಾ?’

‘ನಮ್ಮಮ್ಮಂಗೆ ಚೌಡಿ ಹಿಡಿದಿತ್ತು’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ನುಂಗಿಕೊಂಡು ‘ಗೊತ್ತಿಲ್ಲ’ ಎಂದೆ. ಬಿಪಿಯ ಭಯಕ್ಕೆ ನಾನು ಅಲ್ಲಿಗೆ ಹೋದವಳೇ ಅಲ್ಲ. ಅಮ್ಮನನ್ನು ಹಿಡಿದದ್ದು ಈಗ ನನ್ನನ್ನು ಹುಡುಕಿಕೊಂಡು ಬಂದಿದೆ ಎಂಬ ಭಯಕ್ಕೆ ಹೋಗಿದ್ದೆ.

ನಾವಾಗ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿದ್ದೆವು. ಅಪ್ಪ ಅಮ್ಮ ಇಬ್ಬರೂ ತೋಟದ ಕೂಲಿಗೆ ಹೋಗುವವರು. ಅಡಿಕೆ ಸುಲಿಯುವ ಕಾಲ, ಹಲ್ಲು ಕಟಕಟ ಎನ್ನುವ ಚಳಿ. ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರ ನಡುವಿಂದ ಅಮ್ಮ ದಢಕ್ಕನೆ ಎದ್ದು, ಸೆರಗು ಕಿತ್ತೆಸೆದು, ರವಿಕೆಯ ಗುಂಡಿ ಬಿಚ್ಚುತ್ತ ಅಂಗಳಕ್ಕೆ ಓಡುತ್ತಿದ್ದಳು. ಮುಖ ಕೆಂಪಗೆ, ಕತ್ತಿನಲ್ಲಿ ನೀರು ಇಳಿಯುವಷ್ಟು ಬೆವರು. ಸೆರಗು ಜಾರಲು ಎಂದೂ ಬಿಟ್ಟವಳಲ್ಲ ಅವಳು. ಸಾರಿಗೆ ಒಮ್ಮೆ ಉಪ್ಪೇ ಇಲ್ಲ, ಒಮ್ಮೆ ಎರಡೆರಡು ಸಲ. ಕರುವಿನ ಮುಖ ನೋಡಿ ಅಳುತ್ತಿದ್ದಳು. ಏನಾಗ್ತದೆ ಎಂದು ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಕೇಳಿದಾಗ ‘ಎದೆ ಒಳಗೆ ಯಾರೋ ಓಡಾಡ್ದಂಗೆ ಆಗ್ತದೆ ಕಣೆ’ ಎಂದಳು. ಅಷ್ಟು ಸಾಕಾಯಿತು. ಒಳಗೆ ಯಾರೋ ಇದ್ದಾರೆ ಎಂದು ಚಿಕ್ಕಮ್ಮನೇ ಕೇರಿಗೆಲ್ಲ ಹೇಳಿ ಬಂದಳು.

ನೋಟ ಹೇಳುವವನೊಬ್ಬನನ್ನು ಕರೆಸಿದರು. ಥಂಡಿಗಾಳಿಯ ಜೊತೆ ಚೌಡಿ ಒಳಹೊಕ್ಕಿದೆ, ಬಿಸಿ ತಾಗಿದರೆ ಓಡುತ್ತದೆ ಎಂದ ಅವನು. ಮೈಯೆಲ್ಲ ಉರಿಯುತ್ತಿದ್ದ ಹೆಂಗಸನ್ನು ಬಚ್ಚಲ ಒಲೆಯ ಮುಂದೆ ಕೂರಿಸಿ, ಕಂಬಳಿ ಹೊದೆಸಿ, ಕಾಳುಮೆಣಸಿನ ಕಷಾಯ ಕುಡಿಸಿದರು. ಅವಳು ಕಿತ್ತೆಸೆಯದ ಹಾಗೆ ಕಂಬಳಿಯ ಅಂಚನ್ನು ಹಿಡಿದುಕೊಂಡವಳು ಚಿಕ್ಕಮ್ಮ. ಮದುವೆಯಾಗದ ಹುಡುಗಿ ಇರಬಾರದೆಂದು ನನ್ನನ್ನು ಹೊರಗೆ ಹಾಕಿದ್ದರು. ಗೋಡೆಗೆ ಕಿವಿ ಆನಿಸಿ ನಿಂತಿದ್ದ ನನಗೆ ಎಲ್ಲವೂ ಕೇಳುತ್ತಿತ್ತು.

‘ಯಾರು ನೀನು? ಯಾವಾಗ ಬಂದೆ? ಹಗಲು ಬತ್ತೀಯೋ, ರಾತ್ರಿಯೋ? ಬಂದ್ರೆ ಎಷ್ಟು ಹೊತ್ತು ಇರ್ತೀಯ?’

‘ಉರಿ, ಉರಿ, ತೆಗೀರೇ’ ಎನ್ನುತ್ತಿದ್ದಳು ಅಮ್ಮ.

‘ಚೌಡಿಗೆ ತಾಗ್ತಾ ಅದೆ. ಇನ್ನೆರಡು ಸೌದೆ ಹಾಕಿ’ ಎಂದ ಅವನು.

ಡಾಕ್ಟರಮ್ಮ ಕೇಳಿದ್ದನ್ನೇ ಅವನೂ ಕೇಳಿದ್ದ. ಆದರೆ ಚೌಡಿಗೆ ಕೇಳಿದ್ದ. ನಮ್ಮಮ್ಮನನ್ನು ಯಾರೂ ಏನೂ ಕೇಳಲಿಲ್ಲ. ಇದನ್ನು ನೆನೆದರೆ ಈಗಲೂ ನನಗೆ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಒಂದೆರಡು ವರ್ಷದಲ್ಲಿ ಎಲ್ಲವೂ ತಾನಾಗಿ ನಿಂತಿತು. ನೋಟದವನಿಗೆ ಹೆಸರು ಬಂತು, ಕೋಳಿಯೂ ಸಿಕ್ಕಿತು. ಅಮ್ಮ ಮಾತ್ರ ಮೊದಲಿನ ಅಮ್ಮನಾಗಲಿಲ್ಲ. ನಾಲ್ಕು ಜನರ ನಡುವೆ ಕೂರುತ್ತಿರಲಿಲ್ಲ, ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ನನಗೆ ಮದುವೆಯಾಗಿ, ಮಗಳು ಹುಟ್ಟಿ, ಮಗುವನ್ನು ಮೊದಲ ಸಲ ತೋರಿಸಲು ಹೋದಾಗ ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ‘ಬ್ಯಾಡ ಮಗಾ. ಅದು ಇದ್ದ ಮೈ ಇದು. ಕೂಸಿಗೆ ತಾಗೀತು.’ ಒಂದೇ ಒಂದು ಸಲವೂ ಮೊಮ್ಮಗಳನ್ನು ಎತ್ತಿಕೊಳ್ಳದೆ ಸತ್ತುಹೋದಳು.

ಇದು ಎಲ್ಲ ಹೆಂಗಸರಿಗೂ ಬರುವಂಥದ್ದು, ಕೆಲವರಿಗೆ ಜೋರು, ಕೆಲವರಿಗೆ ಗೊತ್ತೇ ಆಗುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ರಕ್ತಪರೀಕ್ಷೆಗೆ ಬರೆದುಕೊಟ್ಟು, ತಾಯಿಯ ವಿಷಯ ಗೊತ್ತಿರುವವರು ಇದ್ದರೆ ಕೇಳಿಕೊಂಡು ಬನ್ನಿ ಎಂದರು. ಇನ್ನು ಉಳಿದವಳು ಚಿಕ್ಕಮ್ಮ ಒಬ್ಬಳೇ. ಭಾನುವಾರ ಅಂಗಡಿಗೆ ಬೀಗ ಹಾಕಿ ನಾರ್ವೆಯ ಬಸ್ಸು ಹತ್ತಿದೆ.

ಚಿಕ್ಕಮ್ಮ ಜಗಲಿಯಲ್ಲಿ ಕೂತು ಕೆಸುವಿನೆಲೆಯ ನಾರು ತೆಗೆಯುತ್ತಿದ್ದಳು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ನನಗಿಲ್ಲ.

‘ಚಿಕ್ಕಮ್ಮ, ಅಮ್ಮಂಗೆ ಆಗಿತ್ತಲ್ಲ, ನಂಗೂ ಹಂಗೇ ಆಗ್ತಾ ಅದೆ.’

ಅವಳ ಕೈಯಲ್ಲಿದ್ದ ಎಲೆ ಬಿತ್ತು. ‘ಬಂತಾ ನಿಂಗೂ? ಯಾರಿಗಾದ್ರೂ ಹೇಳಿದ್ಯಾ? ಹೇಳ್ಬ್ಯಾಡ ಮಾರಾಯ್ತಿ, ಯಾರಿಗೂ ಹೇಳ್ಬ್ಯಾಡ.’

‘ಅಮ್ಮಂದು ಊರಿಗೆಲ್ಲ ಹೇಳ್ದವಳು ನೀನೇ ಅಲ್ವಾ?’ ನನ್ನ ಬಾಯಿಗೆ ಬೀಗವಿಲ್ಲ, ಕೇಳಿಯೇಬಿಟ್ಟೆ.

‘ಹೌದು. ಅದ್ಕೇ ನಂಗೆ ಬಂದಾಗ ನಾ ಬಾಯಿ ಬಿಡ್ಲಿಲ್ಲ.’

ಉಳಿದದ್ದನ್ನೂ ಅವಳೇ ಹೇಳಿದಳು. ಅಮ್ಮ ತೀರಿಕೊಂಡ ಮೇಲೆ ಇವಳಿಗೂ ಉರಿ ಶುರುವಾಗಿತ್ತು. ಅಕ್ಕನ ಮೈಯಲ್ಲಿ ಅಡಗಿ ಕೂತಿದ್ದದ್ದು ಈಗ ನೆಲೆ ತಪ್ಪಿ ತನ್ನ ಹತ್ತಿರ ಬಂದಿದೆ ಎಂದುಕೊಂಡಳಂತೆ. ಬಾಯಿ ಬಿಟ್ಟರೆ ತನ್ನನ್ನೂ ಕೂರಿಸುತ್ತಾರೆ ಎಂದು ಹೆದರಿ, ಉರಿ ಬಂದಾಗಲೆಲ್ಲ ಸೊಪ್ಪಿನ ನೆಪ ಹೇಳಿ ಗುಡ್ಡಕ್ಕೆ ಹೋಗಿ, ಮರದ ಅಡಿಯಲ್ಲಿ ಸೀರೆ ಸಡಿಲಿಸಿ ಕೂತಿರುತ್ತಿದ್ದಳಂತೆ. ಅಮಾವಾಸ್ಯೆ ಅಮಾವಾಸ್ಯೆಗೆ ಚೌಡಿಬನಕ್ಕೆ ಹೋಗಿ ಕಾಯಿ ಒಡೆದು ಕೇಳಿಕೊಳ್ಳುತ್ತಿದ್ದಳಂತೆ: ‘ಇಲ್ಲೇ ಇರು ತಾಯಿ, ಅಕ್ಕನ ಮಗಳ ಹತ್ರ ಹೋಗ್ಬ್ಯಾಡ.’ ಉರಿ ನಿಂತ ಮೇಲೂ ಕಾಯಿ ಒಡೆಯುವುದನ್ನು ಬಿಟ್ಟಿರಲಿಲ್ಲ. ಈ ಮುದುಕಿ ಇಷ್ಟು ವರ್ಷ ನನ್ನನ್ನು ಕಾಯುತ್ತಿದ್ದಳು, ನಾನು ಇಷ್ಟು ವರ್ಷ ಇವಳ ಮೇಲೆ ಹಲ್ಲು ಕಡಿಯುತ್ತಿದ್ದೆ.

ಅವಳ ಪಕ್ಕ ಕೂತು ಡಾಕ್ಟರಮ್ಮ ಕೇಳಿದ ಹಾಗೆಯೇ ಕೇಳತೊಡಗಿದೆ. ಉರಿ ಎಲ್ಲಿಂದ ಏಳುತ್ತಿತ್ತು? ಎದೆಯಿಂದ. ನಿದ್ದೆ? ಎಲ್ಲಿಯ ನಿದ್ದೆ. ಅಳು? ಬರುತ್ತಿತ್ತು. ಹೊರಗಾಗುವುದು ನಿಂತದ್ದು ಯಾವಾಗ? ಅವಳು ಲೆಕ್ಕ ಹಾಕುವವಳಂತೆ ಅಂಗಳವನ್ನೇ ನೋಡಿದಳು.

‘ಉರಿ ಬಂದ ವರ್ಷಾನೇ. ಅಕ್ಕಂದೂ ಅವಳಿಗೆ ಉರಿ ಬಂದ ವರ್ಷಾನೇ ನಿಂತಿತ್ತು.’

‘ಅದು ಚೌಡಿ ಅಲ್ಲ ಚಿಕ್ಕಮ್ಮ. ಮುಟ್ಟು ನಿಲ್ಲೋವಾಗ ಹಂಗಾಗ್ತದೆ. ನಂಗೂ ಅದೇ.’

ಮೊದಲು ಅವಳ ಮುಖ ಹಗುರಾಯಿತು. ನಾನು ಉಳಿಯುತ್ತೇನೆ ಎಂಬುದಷ್ಟೇ ಆಗ ಅವಳಿಗೆ ತಿಳಿದದ್ದು. ಆಮೇಲೆ ಇನ್ನೊಂದು ತಿಳಿಯಿತು. ಅದು ತಿಳಿಯುವುದನ್ನು ನಾನು ಕಣ್ಣಾರೆ ನೋಡಿದೆ, ನೋಡಬಾರದಿತ್ತು. ‘ನಿಂಗೆ ಗೊತ್ತಿರ್ಲಿಲ್ಲ’ ಎಂದೆ. ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ.

ಬಿದ್ದಿದ್ದ ಎಲೆಯನ್ನು ಎತ್ತಿಟ್ಟು ಕೇಳಿದಳು, ‘ಮಗಳಿಗೆ ಹೇಳಿದ್ಯಾ?’

ಮಗಳು ನರಸಿಂಹರಾಜಪುರದಲ್ಲಿ ಗಂಡನ ಮನೆಯಲ್ಲಿದ್ದಾಳೆ. ‘ಬಿಪಿ ಅಂತ ಹೇಳಿದೀನಿ’ ಎಂದೆ.

‘ಫೋನ್ ಮಾಡು.’

ಮಾಡಿದೆ. ಮಗಳು ‘ಎಂತಮ್ಮಾ?’ ಎನ್ನುವಷ್ಟರಲ್ಲಿ ಚಿಕ್ಕಮ್ಮ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಎರಡೂ ಕೈಯಲ್ಲಿ ಅದನ್ನು ಬಾಯಿಯ ಹತ್ತಿರ ಹಿಡಿದುಕೊಂಡಳು.

‘ಕೂಸೇ, ನಿನ್ನ ಅಜ್ಜಿಗೆ ಎಂತ ಚೌಡಿನೂ ಹಿಡಿದಿರ್ಲಿಲ್ಲ. ಮುಟ್ಟು ನಿಂತಿತ್ತು, ಅಷ್ಟೇ. ಉರಿ ಉರಿ, ಕಂಬಳಿ ತೆಗೀರೇ ಅಂತಿದ್ಲು. ನಾನೇ ಬಿಡ್ಲಿಲ್ಲ.’